ನಲವತ್ತು ವರ್ಷ ಕಾರ್ಯದರ್ಶಿಯಾಗಿದ್ದ ರೆಬೆಕಾ

ರೆಬೆಕಾ ಗ್ರಾಟ್ಜ್ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬದುಕಿದ ಯಹೂದಿ ಹೆಣ್ಣುಮಗಳು. ಹುಟ್ಟಿದ್ದು 1781ರಲ್ಲಿ, ತೀರಿಕೊಂಡಿದ್ದು 1869ರಲ್ಲಿ. ಇಪ್ಪತ್ತನೇ ವಯಸ್ಸಿನಿಂದ ಮುಪ್ಪಿನ ತನಕ ಒಂದಲ್ಲ ಒಂದು ಸಂಘ ಕಟ್ಟುತ್ತಲೇ, ನಡೆಸುತ್ತಲೇ ಇದ್ದವರು. ಸಮಾಜಸೇವೆಯಲ್ಲಿ ದುಡ್ಡು ಕೊಟ್ಟವರಿಗಿಂತ ಪತ್ರ, ವರದಿ, ನಡಾವಳಿ ಬರೆದು ಸಂಘವನ್ನು ಉಳಿಸಿಕೊಂಡು ಬಂದವರ ಪಾಲೇ ದೊಡ್ಡದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಹಾಗೆ ನಂಬೋಕೆ ಇವರೊಬ್ಬರೇ ಸಾಕು.

ಅವರದು ಅನುಕೂಲಸ್ಥ ವ್ಯಾಪಾರಸ್ಥರ ಮನೆ. 1801ರಲ್ಲಿ ಅಮ್ಮ ಮತ್ತು ಊರಿನ ಕೆಲವು ಹೆಂಗಸರ ಜೊತೆ ಸೇರಿ ಒಂದು ಸಂಘ ಶುರು ಮಾಡಿದರು. ಚೆನ್ನಾಗಿ ಬಾಳಿ, ಆಮೇಲೆ ಕಷ್ಟಕ್ಕೆ ಬಿದ್ದ ಹೆಂಗಸರಿಗೂ ಮಕ್ಕಳಿಗೂ ನೆರವಾಗುವ ಸಂಘ. ಯಹೂದಿಗಳೂ ಕ್ರೈಸ್ತರೂ ಅದರಲ್ಲಿದ್ದರು. ರೆಬೆಕಾ ಅದರ ಕಾರ್ಯದರ್ಶಿ. ಆಗಿನ ಕಾನೂನು ಹೇಗಿತ್ತು ಅಂದರೆ, ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಹಿಡಿತಕ್ಕೆ ಹೋಗುತ್ತಿತ್ತು. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅದು ಬದಲಾಗಿದ್ದು 1848ರಲ್ಲಿ. ಅಂಥ ಕಾಲದಲ್ಲಿ ಹೆಂಗಸರೇ ಚಂದಾ ಎತ್ತಿ, ಯಾರಿಗೆ ಎಷ್ಟು ಅಂತ ಹೆಂಗಸರೇ ತೀರ್ಮಾನ ಮಾಡುತ್ತಿದ್ದರು.

1815ರಲ್ಲಿ ಶುರುವಾದ ಫಿಲಡೆಲ್ಫಿಯಾ ಅನಾಥಾಲಯದ ಹಿಂದೆಯೂ ಇವರಿದ್ದರು. 1819ರಲ್ಲಿ ಅದಕ್ಕೂ ಕಾರ್ಯದರ್ಶಿ. ಮುಂದೆ ಸುಮಾರು ನಲವತ್ತು ವರ್ಷ ಆ ಕೆಲಸ ಬಿಡಲಿಲ್ಲ. 1822ರ ಜನವರಿಯಲ್ಲಿ ಅನಾಥಾಲಯಕ್ಕೆ ಬೆಂಕಿ ಬಿದ್ದು 23 ಮಕ್ಕಳು ಸತ್ತರು. ಅದಾದ ಮೇಲೂ ಆ ಹೆಂಗಸರು ಕೈ ಚೆಲ್ಲಲಿಲ್ಲ, ಮತ್ತೆ ಮನೆ ಕಟ್ಟಿದರು. ಮರುವರ್ಷ ರೆಬೆಕಾ ಅವರ ತಂಗಿ ರೇಚಲ್ ತೀರಿಕೊಂಡಳು. ಅವಳ ಮಕ್ಕಳನ್ನು ಸಾಕಿದ್ದೂ ಇವರೇ.

1819ರಲ್ಲೇ ಮಿಕ್ವೆ ಇಸ್ರೇಲ್ ಅನ್ನುವ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ಹೆಂಗಸರನ್ನು ಕೂಡಿಸಿ ‘ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ’ ಕಟ್ಟಿದರು. ಸಿನಗಾಗ್ ಆಡಳಿತದ ಕೈಕೆಳಗೆ ಅಲ್ಲ, ಸ್ವತಂತ್ರವಾಗಿ. ಬಡ ಯಹೂದಿ ಮನೆಗಳಿಗೆ ಊಟ, ಉರುವಲು, ಇರೋಕೆ ಜಾಗ. ಆ ಸೊಸೈಟಿ ಇವತ್ತಿಗೂ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡುತ್ತಿದೆ.

ತಮ್ಮವರಿಗೆ ಮಾತ್ರ ಅಂತ ಸಂಘ ಕಟ್ಟಿದ್ದು ಸಣ್ಣತನ ಅಲ್ವಾ ಅಂತ ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಇದೇ ಹೆಣ್ಣುಮಗಳು ಎಲ್ಲರ ಮಕ್ಕಳಿಗಾಗಿ ಅನಾಥಾಲಯದಲ್ಲೂ ದುಡಿಯುತ್ತಿದ್ದರು. ಆದರೆ ಆಗ ಎಷ್ಟೋ ಕಡೆ ನೆರವಿನ ಜೊತೆ ಮತ ಬದಲಿಸಿ ಅನ್ನುವ ಒತ್ತಾಯವೂ ಬರುತ್ತಿತ್ತು. ಹಸಿದ ಮಗುವನ್ನು ಕಂಕುಳಲ್ಲಿಟ್ಟುಕೊಂಡ ತಾಯಿಗೆ ಅನ್ನ ಬೇಕೋ ದೇವರು ಬೇಕೋ ಅಂತ ಕೇಳುವುದು ಕ್ರೂರ. ಆ ಪ್ರಶ್ನೆಯೇ ಬರದ ಹಾಗೆ ರೆಬೆಕಾ ನೋಡಿಕೊಂಡರು.

ನನಗೆ ತುಂಬಾ ಇಷ್ಟವಾದದ್ದು ಅವರ ಸಂಡೇ ಸ್ಕೂಲ್, ಅಂದರೆ ಯಹೂದಿ ಮಕ್ಕಳಿಗೆ ಭಾನುವಾರ ಧರ್ಮದ ಪಾಠ ಹೇಳುವ ಶಾಲೆ. 1838ರ ಮಾರ್ಚ್ 4ರಂದು, ಅವರ ಹುಟ್ಟುಹಬ್ಬದ ದಿನವೇ ಶುರುವಾಯಿತು. ಫೀಸಿಲ್ಲ. ಹುಡುಗ ಹುಡುಗಿಯರು ಒಟ್ಟಿಗೆ. ಪಾಠ ಇಂಗ್ಲಿಷಿನಲ್ಲಿ, ಕಲಿಸುವವರೆಲ್ಲ ಹೆಂಗಸರು. ಧರ್ಮದ ಪಾಠ ಹೇಳುವುದು ಗಂಡಸರ ಕೆಲಸ ಅಂತಿದ್ದ ಕಾಲ ಅದು! ಶುರುವಿಗೆ ಸರಿಯಾದ ಪುಸ್ತಕವೇ ಇರಲಿಲ್ಲ. ಕ್ರೈಸ್ತರ ಸಂಡೇ ಸ್ಕೂಲಿನ ಪುಸ್ತಕವನ್ನೇ ಇಟ್ಟುಕೊಂಡು, ತಮ್ಮ ಮಕ್ಕಳಿಗೆ ಒಗ್ಗದ ಉತ್ತರಗಳ ಮೇಲೆ ಕಾಗದದ ಚೂರು ಅಂಟಿಸಿದ್ದರು. ಮಕ್ಕಳು ಬಿಡ್ತಾರಾ? ಕಾಗದದ ಮೇಲಿಂದ, ಕೆಳಗಿಂದ ಇಣುಕಿ, ಒಳಗೇನಿದೆ ಅಂತ ಓದೋಕೆ ನೋಡುತ್ತಿದ್ದರು ಅಂತ ಅಲ್ಲಿ ಕಲಿತವರೊಬ್ಬರು ನೆನಪಿಸಿಕೊಂಡಿದ್ದಾರೆ. ಪುಸ್ತಕ ಸಿಗಲಿ, ಕಟ್ಟಡ ಆಗಲಿ, ಆಮೇಲೆ ನೋಡೋಣ ಅಂತ ಅವರು ಕೂರಲಿಲ್ಲ. ಮುಂದೆ ಅಲ್ಲಿನ ಟೀಚರುಗಳೇ ತಮ್ಮ ಪುಸ್ತಕ ಬರೆದುಕೊಂಡರು.

ಅನಾಥ ಯಹೂದಿ ಮಕ್ಕಳಿಗೆ ಒಂದು ಮನೆ ಬೇಕು ಅಂತ 1850ರಲ್ಲಿ ‘ಇಸ್ರೇಲಿನ ಮಗಳು’ ಅನ್ನುವ ಹೆಸರಿಟ್ಟುಕೊಂಡು ಯಹೂದಿ ಪತ್ರಿಕೆಯೊಂದರಲ್ಲಿ ಬರೆದರು. 1855ರಲ್ಲಿ ಆ ಮನೆಯೂ ಆಯಿತು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಸಂಡೇ ಸ್ಕೂಲಿನ ಹೊಣೆಯನ್ನಂತೂ ಎಂಬತ್ತು ದಾಟಿದ ಮೇಲೂ ಹೊತ್ತಿದ್ದರು.

ಬೇಜಾರೆಂದರೆ, ಅವರ ಬಗ್ಗೆ ಬರೆಯುವ ಬಹಳ ಜನ ಅವರ ಚೆಲುವಿನ ಸುತ್ತಲೇ ಸುತ್ತುತ್ತಾರೆ. ಚಿತ್ರಕಾರ ಥಾಮಸ್ ಸಲ್ಲಿ ಬರೆದ ಅವರ ಚಿತ್ರ ಚೆನ್ನಾಗಿದೆ ನಿಜ. ಯಾಕೆ ಮದುವೆಯಾಗಲಿಲ್ಲ, ಯಾರನ್ನು ಪ್ರೀತಿಸಿದ್ದರು ಅನ್ನುವ ಕಥೆಗಳಿಗೂ ಬರ ಇಲ್ಲ. ಗಂಡಸೊಬ್ಬ ಇಷ್ಟು ಸಂಸ್ಥೆ ಕಟ್ಟಿದ್ದರೆ ಮೊದಲು ಇದನ್ನೇ ಕೇಳುತ್ತಿದ್ದರಾ? ಅವರು ಸಂಘಗಳಿಗೆ ಬರೆದ ವರದಿಗಳಿವೆ, ರಾಶಿ ರಾಶಿ ಪತ್ರಗಳಿವೆ. ಅವರನ್ನು ತಿಳಿಯಬೇಕೆಂದಿರುವವರು ಅವುಗಳಿಂದ ಶುರು ಮಾಡಲಿ ಅನ್ನುವುದೇ ನನ್ನ ಆಸೆ.