ಪಕ್ಕದ ಕುರ್ಚಿಯಿಂದ ಬಂದ ಅಭಿನಂದನೆ

ನಿನ್ನೆ ಬೆಳಿಗ್ಗೆ ಉದ್ಯೋಗದ ಪರಿಚಯಗಳ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ನನಗೊಂದು ಅಭಿನಂದನೆ ಬಂತು. ಈ ಕೆಲಸಕ್ಕೆ ಸೇರಿ ಇನ್ನೊಂದು ವರ್ಷ ತುಂಬಿತಂತೆ. ಕಳಿಸಿದವನು ಪಕ್ಕದ ಕುರ್ಚಿಯವನು. ಕೈ ಚಾಚಿದರೆ ಅವನ ಚಹಾದ ಲೋಟ ನನಗೆ ಸಿಗುತ್ತದೆ. ಅಷ್ಟು ಹತ್ತಿರ. ನಾನು ‘ಗುಡ್ ಮಾರ್ನಿಂಗ್’ ಅಂದಾಗ ತಲೆಯನ್ನೂ ಎತ್ತದೆ, ಆ್ಯಪ್ ಬರೆದುಕೊಟ್ಟ ಸಾಲನ್ನು ಒತ್ತಿ ನನಗೇ ಕಳಿಸುತ್ತಾ ಕೂತಿದ್ದ. ಯಾಕೋ ಅಂತ ಕೇಳಿದರೆ, “ಕನೆಕ್ಟೆಡ್ ಆಗಿ ಇರ್ಬೇಕು ಮಾರಾಯ” ಅಂದ. ಸಿಟ್ಟು ಇನ್ನೂ ಇಳಿದಿಲ್ಲ.

ಅವನದು 500+ ಕನೆಕ್ಷನ್. 500 ದಾಟಿದ ಮೇಲೆ ಎಷ್ಟೇ ಇದ್ದರೂ ಪ್ರೊಫೈಲಿನಲ್ಲಿ ಹಾಗೇ ಕಾಣುವುದು, ನಿಜವಾದ ಲೆಕ್ಕ ದೇವರಿಗೇ ಗೊತ್ತು. ಆದರೆ ಮಳೆಗಾಲದಲ್ಲಿ ಕೂಳೂರು ಸೇತುವೆ ಹತ್ತಿರ ಬೈಕ್ ಕೆಟ್ಟು ನಿಂತಾಗ ಫೋನ್ ಬಂದದ್ದು ನನಗೆ. ಮಳೆಗೆ ಚಂಡಿಯಾಗಿ ಹೋಗಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಮನೆ ಮುಟ್ಟುವ ಮೊದಲೇ, ಹಿಂದಿನ ಸೀಟಿನಲ್ಲಿ ರೈನ್‌ಕೋಟಿನ ಮರೆಯಲ್ಲಿ ಕೂತುಕೊಂಡೇ, ಉಪಕಾರ ತೀರಿಸಿಬಿಟ್ಟಿದ್ದ. ನಾನು ಎಕ್ಸೆಲ್‌ನಲ್ಲಿ ನಿಪುಣ ಎಂದು ಎಂಡಾರ್ಸ್ ಮಾಡಿದ್ದ!

ಇವನ ತಲೆಗೆ ಈ ಹುಳ ಬಿಟ್ಟದ್ದು ಆಫೀಸಿನವರು ಮಾಡಿಸಿದ ನೆಟ್‌ವರ್ಕಿಂಗ್ ತರಬೇತಿ. ಬೆಂಗಳೂರಿನಿಂದ ಬಂದ ಮೇಡಂ ಒಳ್ಳೆಯ ವಿಷಯವನ್ನೇ ಹೇಳಿದರು, ಸುಳ್ಳು ಹೇಳಬಾರದು. ಮಾರ್ಕ್ ಗ್ರಾನೊವೆಟ್ಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದ ಲೇಖನ ಅದು. ಬೋಸ್ಟನ್ ಪಕ್ಕದ ಊರಿನಲ್ಲಿ ಕೆಲಸ ಬದಲಾಯಿಸಿದವರನ್ನು ಅವರು ವಿಚಾರಿಸಿದ್ದರು. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಶೇಕಡಾ 17ರಷ್ಟು ಮಂದಿಗೆ ಮಾತ್ರ ಆಗಾಗ ಸಿಗುವವರಿಂದ ಸುದ್ದಿ ಬಂದಿತ್ತು. ಉಳಿದವರಿಗೆಲ್ಲ ಯಾವಾಗಲೋ ಒಮ್ಮೆ ಕಾಣುವವರೇ ದಾರಿ ತೋರಿಸಿದ್ದು. ಸರಿಯಾದ ಮಾತೇ. ನಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದಲ್ಲ.

ಆದರೆ ಮಂಗಳೂರಿನಲ್ಲಿ ಅಷ್ಟು ದೂರದವರನ್ನು ಎಲ್ಲಿಂದ ತರುವುದು? 30 ಸೆಕೆಂಡಿನಲ್ಲಿ ನಿಮ್ಮ ಪರಿಚಯ ಹೇಳಿ ಎಂದು ಮೇಡಂ ನಮ್ಮನ್ನು ಜೋಡಿ ಜೋಡಿ ನಿಲ್ಲಿಸಿದರು. ನಾನು “ಅಕೌಂಟ್ಸ್‌ನಲ್ಲಿ...” ಅನ್ನುವಷ್ಟರಲ್ಲಿ ಎದುರಿನವರು “ಮನೆ ಎಲ್ಲಾಯ್ತು?” ಅಂದರು. ಕಾರ್ಕಳ ಅಂದೆ. “ಕಾರ್ಕಳದಲ್ಲಿ ಎಲ್ಲಿ? ಯಾರ ಪೈಕಿ?” ಮೇಡಂ ಗಂಟೆ ಬಾರಿಸುವಾಗ ಅವರ ಅತ್ತಿಗೆ ನನ್ನ ಚಿಕ್ಕಮ್ಮನ ಜೊತೆ ಬಿ.ಕಾಂ. ಓದಿದ್ದು ಖಚಿತವಾಗಿತ್ತು. ಅವರು ಏನು ಕೆಲಸ ಮಾಡುತ್ತಾರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಅಪ್ಪನ ಅಂಗಡಿಗೆ ಸಂಜೆ ಪಿಗ್ಮಿಯವರು ಬರುತ್ತಿದ್ದರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಕ್ರಮ ಅದು. ದಿನಕ್ಕೆ ಎರಡಾಣೆ ಆದರೂ ಸರಿ, ಬಾಗಿಲಿಗೇ ಬಂದು ತೆಗೆದುಕೊಳ್ಳುವುದು. ನಮ್ಮ ಕಾಲಕ್ಕೆ ಆಣೆ ಹೋಗಿತ್ತು, ಪಿಗ್ಮಿಯವರು ಇದ್ದರು. ಕಂಕುಳಲ್ಲಿ ಚೀಲ, ಕಿವಿಯ ಮೇಲೆ ಪೆನ್ನು. ಯಾವ ಅಂಗಡಿಗೆ ಲೆಕ್ಕ ಬರೆಯುವ ಹುಡುಗ ಬೇಕು, ಯಾರ ಮಗಳ ಟೈಪಿಂಗ್ ಪರೀಕ್ಷೆ ಮುಗಿಯಿತು, ಎಲ್ಲ ಅವರಿಗೆ ಗೊತ್ತು. ನಮ್ಮಣ್ಣನಿಗೆ ಮೊದಲ ಕೆಲಸ ಸಿಕ್ಕಿದ್ದು ಅವರು ರಸೀದಿ ಹರಿಯುತ್ತಾ ಹೇಳಿದ ಒಂದು ಮಾತಿನಿಂದ. 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅಷ್ಟರಲ್ಲಿ ಅವರೂ ಇರಲಿಲ್ಲ, ಅಪ್ಪನ ಅಂಗಡಿಯೂ ಇರಲಿಲ್ಲ.

ಇರಲಿ. ಮೊನ್ನೆ ಮದುವೆಯ ಕಥೆ ಹೇಳದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ.

ಆಫೀಸಿನವರೆಲ್ಲ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಇವನು ನನ್ನ ಬಲಕ್ಕೆ, ಅವನ ಆಚೆ ಬಿಳಿ ಪಂಚೆಯ ಅಜ್ಜ ಒಬ್ಬರು. ಉಪ್ಪಿನಕಾಯಿ, ಕೋಸಂಬರಿ ಬಂದಾಗಿತ್ತು. ಇವನು ಎಡಗೈಯಲ್ಲಿ ಮೊಬೈಲ್ ತೆಗೆದು, ತನ್ನ ಪ್ರೊಫೈಲಿನ ಕ್ಯೂಆರ್ ಕೋಡನ್ನು ಅಜ್ಜನ ಎಲೆಯ ಮೇಲೆ ಹಿಡಿದ.

“ಸರ್, ಸ್ಕ್ಯಾನ್ ಮಾಡಿ.”

ಅಜ್ಜ ಕೋಡನ್ನು ನೋಡಿದರು, ಮಂಟಪದ ಕಡೆ ನೋಡಿದರು. “ಓ, ಮುಯ್ಯಿ ಈಗ ಹೀಗೆ ತೆಗೊಳ್ಳುದಾ? ಕವರ್ ತಂದಿದ್ದೆ ನಾನು.”

“ಅಲ್ಲ ಸರ್, ಸುಮ್ನೆ ಕನೆಕ್ಟ್ ಆಗ್ಲಿಕ್ಕೆ.”

“ಎಷ್ಟು ಹಾಕುದು ಮಾರಾಯ್ರೆ? ಐನೂರು ಸಾಕಲ್ವಾ?”

ಅಜ್ಜ ಕನ್ನಡಕ ಹಣೆಗೇರಿಸಿ, ದುಡ್ಡು ಕಳಿಸುವ ಆ್ಯಪ್ ತೆರೆದು, ಇವನ ಮೊಬೈಲಿಗೆ ಹಿಡಿದರು. ಆಗಲಿಲ್ಲ. ಹತ್ತಿರ ಹಿಡಿದರು, ದೂರ ಹಿಡಿದರು. ಅನ್ನದವರು ಬಂದು ನಿಂತರು, ಹಿಂದೆಯೇ ಸಾರಿನವರು. ಎಲೆಯ ಮೇಲೆ ಎರಡು ಮೊಬೈಲ್ ಅಡ್ಡ, ಬಡಿಸುವುದಾದರೂ ಎಲ್ಲಿಗೆ? “ಕೈ ತೆಗೀರಿ ಸರ್, ಕೈ ತೆಗೀರಿ” ಎಂದು ಸಾರಿನ ಹುಡುಗ. ಹಿಂದೆ ಮುಂದಿನ ಪಂಕ್ತಿಗೆ ಕುರ್ಚಿ ಹಿಡಿದು ನಿಂತ ಹೆಂಗಸರು ಬೇರೆ. ಕೊನೆಗೆ ಅಜ್ಜನೇ ಸೋತು, “ಇಲ್ಲಿ ನೆಟ್‌ವರ್ಕೇ ಇಲ್ಲ, ನೀವು ಕವರೇ ತೆಗೊಳ್ಳಿ” ಎಂದು ಜೇಬಿನಿಂದ ತೆಗೆದು ಇವನ ಕೈಯಲ್ಲಿಟ್ಟರು!

ನಾನು ನಡುವೆ ಬಾಯಿ ಹಾಕಿ ಕವರ್ ವಾಪಸ್ ಕೊಡಿಸಿದೆ. ಸುಮ್ಮನಿರಲಾಗದೆ “ಮನೆ ಎಲ್ಲಿ ಅಜ್ಜಾ?” ಎಂದು ಕೇಳಿದೆ. ಮಾತು ಮನೆಯಿಂದ ಮಕ್ಕಳಿಗೆ ಬಂತು. ದೊಡ್ಡ ಮಗ ಒಂದು ಕಂಪೆನಿಯಲ್ಲಿ ಮ್ಯಾನೇಜರ್ ಅಂತೆ. ಕಂಪೆನಿಯ ಹೆಸರು ಕೇಳಿ ಇವನ ಕೈಯ ಹೋಳಿಗೆ ಅಲ್ಲೇ ನಿಂತಿತು. ಅದೇ ಮ್ಯಾನೇಜರಿಗೆ ತಿಂಗಳಿಂದ ರಿಕ್ವೆಸ್ಟ್ ಕಳಿಸಿ ಕಾಯುತ್ತಿದ್ದಾನೆ.

“ಆದಿತ್ಯವಾರ ಮನೆಗೆ ಬನ್ನಿ, ಅವನೂ ಇರ್ತಾನೆ” ಅಂದರು ಅಜ್ಜ.

ಇವನು ಕೇಳಿದ: “ಸರ್, ಅದಕ್ಕಿಂತ ಮೊದಲು ಅವರಿಗೆ ನನ್ನ ರಿಕ್ವೆಸ್ಟ್ ಎಕ್ಸೆಪ್ಟ್ ಮಾಡ್ಲಿಕ್ಕೆ ಒಮ್ಮೆ ಹೇಳ್ಬಹುದಾ?”

ಆದಿತ್ಯವಾರ ಕಳೆಯಿತು. ಇವನು ಹೋಗಲಿಲ್ಲ. ಪ್ರೊಫೈಲ್ ಫೋಟೋ ಬದಲಾಯಿಸಿ ನೋಡುತ್ತಾನಂತೆ.