ಪಾಪ, ಅಪರಾಧ ಮತ್ತು ಚೀನೀಯರ ‘ತ್ಸುಯ್’

ಸಿಂಗಪುರದಲ್ಲಿ ನೆಲೆಸಿ 12 ವರ್ಷಗಳಾದವು. ಈಚಿನ ಮೂರು ವರ್ಷಗಳಿಂದ ವಾರಕ್ಕೊಂದು ಸಂಜೆ, ಚೀನಾದಿಂದ ದುಡಿಯಲು ಬಂದಿರುವ ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಕಾಲಸೂಚಕಗಳ ಗೊಂದಲ ಹೇಗೋ ಬಗೆಹರಿಯುತ್ತದೆ. ಆದರೆ ‘ಗಿಲ್ಟಿ’ ಎಂಬ ಒಂದು ಪದ ಕೊಟ್ಟಷ್ಟು ಕಷ್ಟವನ್ನು ನನಗೆ ಬೇರಾವ ಪದವೂ ಕೊಟ್ಟಿಲ್ಲ. ಊರಿನಲ್ಲಿರುವ ತಾಯಿಗೆ ಫೋನು ಮಾಡಲಿಲ್ಲವೆಂದು ಗಿಲ್ಟಿ ಅನ್ನಿಸುತ್ತಿದೆ ಎಂಬ ಅರ್ಥದ ವಾಕ್ಯವನ್ನು ಹಲಗೆಯ ಮೇಲೆ ಬರೆದಾಗ, ನಡುವಯಸ್ಸಿನ ಹೆಂಗಸೊಬ್ಬರು ಗಾಬರಿಯಿಂದಲೇ, ಈ ದೇಶದಲ್ಲಿ ಅದಕ್ಕೂ ಕೇಸು ಹಾಕುತ್ತಾರೆಯೇ ಎಂದು ಕೇಳಿದರು. ಅವರ ಮೊಬೈಲಿನ ನಿಘಂಟು ‘ಗಿಲ್ಟಿ’ಗೆ ‘ಯೌತ್ಸುಯ್’ ಎಂಬ ಒಂದೇ ಅರ್ಥವನ್ನು ಕೊಟ್ಟಿತ್ತು. ‘ತ್ಸುಯ್’ ಉಳ್ಳವನು, ಅಂದರೆ ಅಪರಾಧಿ.

ತರಗತಿ ನಕ್ಕಿತು, ಆದರೆ ಆ ಪ್ರಶ್ನೆ ನಗುವಂಥದಲ್ಲ. ಹೆತ್ತವರಿಂದ ದೂರವಿರುವ ಮಕ್ಕಳು ಆಗಾಗ ಅವರನ್ನು ನೋಡಲು ಹೋಗಬೇಕು ಇಲ್ಲವೇ ಅವರ ಯೋಗಕ್ಷೇಮ ವಿಚಾರಿಸುತ್ತಿರಬೇಕು ಎಂದು 2013ರ ಜುಲೈ 1ರಿಂದ ಚೀನಾದ ಕಾನೂನೇ ಹೇಳುತ್ತದೆ. ನಾವು ಮನಸ್ಸಾಕ್ಷಿಗೆ ಬಿಟ್ಟುಕೊಟ್ಟಿರುವ ಮಾತೊಂದು ಅಲ್ಲಿ ಶಾಸನದೊಳಗೆ ಬಂದು ಕೂತಿರುವಾಗ, ಆಕೆ ಗೆರೆ ಎಲ್ಲಿದೆ ಎಂದು ಕೇಳಿದ್ದು ನ್ಯಾಯವೇ ಆಗಿತ್ತು.

ತೊಡಕಿನ ಬೇರು ‘ತ್ಸುಯ್’ ಎಂಬ ಪದದಲ್ಲಿಯೇ ಇದೆ. ಕೊಲೆ, ಕಳವುಗಳೂ ತ್ಸುಯ್; ಕ್ರೈಸ್ತ ಮಿಷನರಿಗಳು ಬೈಬಲನ್ನು ಚೀನೀ ಭಾಷೆಗೆ ತಂದಾಗ ಪಾಪಕ್ಕೂ ಅದೇ ಪದವನ್ನು ಬಳಸಿದರು. ಹಾಗಾಗಿ ಮನುಷ್ಯರೆಲ್ಲರೂ ಪಾಪಿಗಳು ಎಂಬ ಬೋಧನೆ, ಮೊದಲ ಸಲ ಕೇಳುವವನ ಕಿವಿಗೆ, ನೀವೆಲ್ಲರೂ ಕೈದಿಗಳಾಗಬೇಕಾದವರು ಎಂದು ಕೇಳಿಸುವುದುಂಟು. ಇನ್ನು ‘ಷೌತ್ಸುಯ್’ ಎಂದರೆ, ಅಕ್ಷರಶಃ ತ್ಸುಯ್ ಅನ್ನು ಅನುಭವಿಸುವುದು, ಬಳಕೆಯಲ್ಲಿ ಬರಿಯ ಪಾಡುಪಡುವುದು. ಇದನ್ನು ತಿಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ‘ಅಯ್ಯೋ ಪಾಪ’. ಯಾವ ತಪ್ಪನ್ನೂ ಮಾಡದೆ ನರಳುವವನನ್ನು ಕಂಡು ‘ಪಾಪ’ ಎನ್ನುವ ನಾವು, ಚೀನೀಯರ ಈ ನುಡಿಗಟ್ಟನ್ನು ಕಂಡು ಬೆರಗಾಗಬೇಕಿಲ್ಲ.

ಆದರೂ ಕನ್ನಡ ಪಾಪ, ಅಪರಾಧಗಳ ನಡುವೆ ಒಂದು ಗೋಡೆಯನ್ನು ಕಟ್ಟಿಕೊಂಡಿದೆ. ಕೊಂದ ಪಾಪ ತಿಂದು ಪರಿಹಾರ ಎನ್ನಬಹುದು. ಆ ಗಾದೆಯಲ್ಲಿ ‘ಪಾಪ’ದ ಜಾಗಕ್ಕೆ ‘ಅಪರಾಧ’ವನ್ನು ಇಟ್ಟರೆ ಮಾತು ಕುಂಟುತ್ತದೆ, ಏಕೆಂದರೆ ಅಪರಾಧಕ್ಕೆ ತೀರ್ಪು ಕೊಡುವವರು ಬೇರೆಯವರು. ಈ ಗೋಡೆಯೇ ನನಗೆ ಪಾಠದ ದಾರಿಯನ್ನು ತೋರಿಸಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಂಗ್ಲಿಷ್ ಪದದ ಮುಂದೆ ನಾಲ್ಕು ಚೀನೀ ಪದಗಳನ್ನು ಸಾಲಾಗಿ ಇಟ್ಟು ಆಯ್ಕೆಯನ್ನು ಕಲಿಯುವವನಿಗೇ ಬಿಡುತ್ತವೆ. ನಾನೀಗ ಅರ್ಥವನ್ನೇ ಹೇಳುವುದಿಲ್ಲ. ಹೇಳುತ್ತಿರುವವರು ಯಾರು ಎಂದು ಕೇಳುತ್ತೇನೆ. ‘ಗಿಲ್ಟಿ’ಯ ನಂತರ ‘ಆಫ್’ ಬಂದರೆ ಸಾಮಾನ್ಯವಾಗಿ ಹೊರಗಿನವರೊಬ್ಬರು ತೀರ್ಪು ಕೊಟ್ಟಿದ್ದಾರೆ, ‘ಅಬೌಟ್’ ಬಂದರೆ ಒಳಗಿನ ಮನಸ್ಸು ಮಾತನಾಡುತ್ತಿದೆ. ಎರಡನೆಯದಕ್ಕೆ ಚೀನೀ ಭಾಷೆಯಲ್ಲಿ ‘ನೇಯ್‌ಜಿಯು’ ಎಂಬ ಸೊಗಸಾದ ಪದವೇ ಇದೆ. ಅದರ ಎರಡನೆಯ ಅಕ್ಷರವನ್ನು ಬರೆಯುವಾಗ ಕಾಯಿಲೆಯನ್ನು ಸೂಚಿಸುವ ಚಿಹ್ನೆ ಸೇರುತ್ತದೆ.

ನ್ಯಾಯಾಲಯದ ಅರ್ಥ ಇಷ್ಟು ಸುಲಭವಲ್ಲ. ‘ಪ್ಲೀಡ್ ಗಿಲ್ಟಿ’ ಎಂಬುದಕ್ಕೆ ಚೀನೀಯರು ‘ರೆನ್‌ತ್ಸುಯ್’ ಎನ್ನುತ್ತಾರೆ, ಆದರೆ ಅದರಲ್ಲಿ ತಲೆ ತಗ್ಗಿಸಿ ಪಶ್ಚಾತ್ತಾಪ ಪಡುವ ಭಾವವೂ ಬೆರೆತಿದೆ. ತಪ್ಪೊಪ್ಪಿ ಶಿಕ್ಷೆಯನ್ನೂ ಒಪ್ಪಿಕೊಂಡವನಿಗೆ ರಿಯಾಯಿತಿ ಕೊಡಬಹುದೆಂಬ ನಿಯಮ 2018ರಲ್ಲಿ ಅಲ್ಲಿನ ದಂಡ ಪ್ರಕ್ರಿಯಾ ಕಾನೂನನ್ನು ಸೇರಿತು. ಇಂಗ್ಲಿಷ್ ಸಂಪ್ರದಾಯದ ಕೋರ್ಟಿನಲ್ಲಿ ‘ಪ್ಲೀಡ್ ಗಿಲ್ಟಿ’ ಎಂಬುದು ಮೊದಲಿಗೆ ಆರೋಪಕ್ಕೆ ಕೊಡುವ ಉತ್ತರ, ಅಷ್ಟೆ. ‘ನಾಟ್ ಗಿಲ್ಟಿ’ ಎಂಬ ತೀರ್ಪು ಕೂಡ ಆತ ಶುದ್ಧನೆಂದು ಸಾರುವುದಿಲ್ಲ; ಆರೋಪ ಸಾಬೀತಾಗಲಿಲ್ಲ ಎನ್ನುತ್ತದೆ. ಈ ವಿಷಯದಲ್ಲಿ ನಮ್ಮ ಪತ್ರಿಕೆಗಳ ‘ನಿರ್ದೋಷಿ’ಗಿಂತ ‘ಖುಲಾಸೆ’ ಹೆಚ್ಚು ಪ್ರಾಮಾಣಿಕವಾದ ಪದ. ಈ ಪಾಠ ಮಾಡುವಾಗ ನನಗೆ ತವರಿನ ಸಲಿಗೆಯೂ ಇದೆ, ಏಕೆಂದರೆ ಸಿಂಗಪುರದ ದಂಡ ಸಂಹಿತೆ 1860ರ ಭಾರತೀಯ ದಂಡ ಸಂಹಿತೆಯ ಮಾದರಿಯಲ್ಲಿ ರೂಪುಗೊಂಡದ್ದು. 2024ರ ಜುಲೈ 1ರಂದು ಭಾರತ ಅದನ್ನು ಬದಿಗಿಟ್ಟಿತಾದರೂ, ಮೋಸಗಾರನನ್ನು ನಾವು ‘ಫೋರ್ ಟ್ವೆಂಟಿ’ ಎಂದು ಬೈಯುವುದಕ್ಕೆ ಕಾರಣವಾದ 420ನೆಯ ಕಲಮು ಇಲ್ಲಿ ಇನ್ನೂ ವಂಚನೆಯದೇ.

ಕನ್ನಡದ ಬಗ್ಗೆ ನನ್ನದೊಂದು ತಕರಾರಿದೆ. ಮನಸ್ಸಿನ ಗಿಲ್ಟಿಗೆ ನಾವು ಬಳಸುತ್ತಿರುವ ‘ಪಾಪಪ್ರಜ್ಞೆ’ ತೀರ ಭಾರವಾದ ಪದ. ತಾಯಿಗೆ ಫೋನು ಮಾಡದವಳು ಯಾವ ಪಾಪವನ್ನೂ ಮಾಡಿಲ್ಲ. ಆ ಹೆಂಗಸು ಪಾಠ ಮುಗಿದ ಮೇಲೆ, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದಾಗ ನಾನು ಪಾಪಪ್ರಜ್ಞೆಯನ್ನು ಬಿಟ್ಟು, ಮನಸ್ಸು ಕೊರೆಯುತ್ತದೆ ಎಂದು ಹೇಳಿ, ಕೊರೆಯುವುದೆಂದರೆ ಹುಳು ಮರವನ್ನು ತೂತು ಮಾಡುವ ಹಾಗೆ ಎಂದು ಮೇಜಿನ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ಮೊಬೈಲಿನ ನಿಘಂಟನ್ನು ಮುಚ್ಚಿ, ನೋಟುಪುಸ್ತಕದಲ್ಲಿ ‘ನೇಯ್‌ಜಿಯು’ ಎಂದು ಬರೆದು, ಪಕ್ಕದಲ್ಲಿ ಒಂದು ಸಣ್ಣ ಹುಳುವಿನ ಚಿತ್ರವನ್ನು ಬಿಡಿಸಿಕೊಂಡರು.