ಹಾಲ್ ಟಿಕೆಟ್ ಬಂತು, ರೈಲಿನ ಟಿಕೆಟ್ ಸಿಗಲಿಲ್ಲ

ಸರ್ಕಾರಿ ಕೆಲಸದ ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ ಅಂತ ಕೇಳಿದರೆ ಎಲ್ಲರೂ ಅರ್ಜಿ ಶುಲ್ಕ ಹೇಳುತ್ತಾರೆ. ರೈಲ್ವೆ ಪರೀಕ್ಷೆಗೆ ಸಾಮಾನ್ಯ ವರ್ಗದವರು 500 ರೂಪಾಯಿ ಕಟ್ಟಬೇಕು, ಮೊದಲ ಹಂತ ಬರೆದರೆ ಅದರಲ್ಲಿ 400 ವಾಪಸ್. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ, ಅಂದರೆ ಎಸ್‌ಎಸ್‌ಸಿ ಪರೀಕ್ಷೆಗೆ 100 ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಆ 400 ವಾಪಸ್ ಬರಬೇಕಾದರೆ ಮೊದಲು ಸೆಂಟರ್ ಮುಟ್ಟಬೇಕು. ಕೊಪ್ಪಳದ ಹುಡುಗನಿಗೆ ಹೈದರಾಬಾದ್ ಬಿತ್ತು ಅಂದುಕೊಳ್ಳಿ. ಹೋಗಿ ಬರೋ ಬಸ್ಸು, ಒಂದು ರಾತ್ರಿ ಲಾಡ್ಜು, ಆಟೋ, ಊಟ ಅಂತ ಲೆಕ್ಕ ಹಾಕಿದರೆ ಆ ಶುಲ್ಕ ಎಲ್ಲಿ ಕಳೆದುಹೋಯಿತೋ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಹೇಳುವುದು, ನಮ್ಮಲ್ಲಿ ಪ್ರಿಲಿಮ್ಸ್‌ಗಿಂತ ಮೊದಲೇ ಇನ್ನೊಂದು ಪ್ರಿಲಿಮ್ಸ್ ಇದೆ. ಅದರ ಸಿಲಬಸ್ ಯಾವ ನೋಟಿಫಿಕೇಶನ್‌ನಲ್ಲೂ ಇರುವುದಿಲ್ಲ. ಕೈಯಲ್ಲಿ ದುಡ್ಡು ಇದೆಯಾ, ಜೊತೆಗೆ ಬರೋಕೆ ಯಾರಾದರೂ ಇದ್ದಾರಾ, ಆ ಊರಲ್ಲಿ ಪರಿಚಯದವರ ಮನೆ ಇದೆಯಾ? ಮೂರಕ್ಕೂ "ಇಲ್ಲ" ಅನ್ನುವುದೇ ಉತ್ತರವಾದರೆ ನೀವು ಎಷ್ಟೇ ಓದಿದ್ದರೂ ಅಲ್ಲಿಗೇ ಮುಗಿಯಿತು.

ತಾರೀಖುಗಳ ಲೆಕ್ಕ ನೋಡಿ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. 2024ರ ಅಕ್ಟೋಬರ್ ತನಕ ಅದು 120 ದಿನ ಇತ್ತು. ಆದರೆ ರೈಲ್ವೆಯದ್ದೇ ನೇಮಕಾತಿ ಪರೀಕ್ಷೆ ಬರೆಯುವವರಿಗೆ ಊರು ಯಾವುದು ಅಂತ ತಿಳಿಯುವುದು ಸಾಮಾನ್ಯವಾಗಿ 10 ದಿನ ಮೊದಲು. ಹಾಲ್ ಟಿಕೆಟ್ ಬರುವುದು 4 ದಿನ ಮೊದಲು. ಅಷ್ಟೊತ್ತಿಗೆ ಸ್ಲೀಪರ್‌ನಲ್ಲಿ ವೇಟಿಂಗ್ ಲಿಸ್ಟ್ ಎಲ್ಲೋ ಹೋಗಿ ಕೂತಿರುತ್ತದೆ. ಟಿಕೆಟ್ ಮಾರುವವರೂ ಅವರೇ, ಪರೀಕ್ಷೆ ನಡೆಸುವವರೂ ಅವರೇ. ಎರಡು ಟೇಬಲ್‌ನವರು ಒಂದು ಸಲ ಕೂತು ಚಹಾ ಕುಡಿದಿದ್ದರೆ ಸಾಕಿತ್ತು ಅನ್ನಿಸುತ್ತದೆ.

ಉಳಿಯುವುದು ತತ್ಕಾಲ್. ಹಿಂದಿನ ದಿನ ಬೆಳಗ್ಗೆ 11ಕ್ಕೆ ಸ್ಲೀಪರ್ ತತ್ಕಾಲ್ ತೆರೆಯುತ್ತದೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರನ್ನು ಕೇಳಿ. ರೂಮಿನ ನಾಲ್ಕೂ ಮೊಬೈಲ್ ಒಂದೇ ಸಲ ಲಾಗಿನ್ ಆಗಿರುತ್ತವೆ, ಒಬ್ಬನಿಗೆ ಸಿಕ್ಕರೆ ಅದೇ ಹಬ್ಬ. ಉಳಿದವರಿಗೆ ಜನರಲ್ ಬೋಗಿ. ಅಲ್ಲಿ ಶೌಚಾಲಯದ ಬಾಗಿಲ ಹತ್ತಿರ ಪೇಪರ್ ಹಾಸಿ ಕೂತು, ಬೆಳಗ್ಗೆ ಇಳಿದು, ನೇರವಾಗಿ ಒಂದೂವರೆ ಗಂಟೆ ಕಂಪ್ಯೂಟರ್ ಮುಂದೆ ಕೂತು ರೀಸನಿಂಗ್ ಬಿಡಿಸಬೇಕು. ಅದೇ ಪ್ರಶ್ನೆಪತ್ರಿಕೆಯನ್ನು ಸೆಂಟರ್‌ನಿಂದ ಎರಡು ಕಿಲೋಮೀಟರ್ ದೂರದ ಮನೆಯಿಂದ ಇಡ್ಲಿ ತಿಂದು ಬಂದವನೂ ಬಿಡಿಸುತ್ತಾನೆ. ಬೇರೆ ಬೇರೆ ಶಿಫ್ಟ್‌ನ ಪ್ರಶ್ನೆಗಳು ಸುಲಭವೋ ಕಷ್ಟವೋ ಅಂತ ನೋಡಿ ಅಂಕ ಸರಿಮಾಡಲು ನಾರ್ಮಲೈಸೇಷನ್ ಇದೆ. ಇದನ್ನು ಸರಿಮಾಡಲು ಯಾವ ಸೂತ್ರವೂ ಇಲ್ಲ.

ಇಷ್ಟು ದೂರ ಯಾಕೆ ಹಾಕುತ್ತಾರೆ? ಸುಮ್ನೆ ಕಾಟ ಕೊಡೋಕೆ ಅಂತ ನಾನು ಹೇಳುವುದಿಲ್ಲ. ಕಾರಣಗಳಿವೆ. ಆನ್‌ಲೈನ್ ಪರೀಕ್ಷೆಗೆ ಕಂಪ್ಯೂಟರ್ ಬೇಕು, ಜನರೇಟರ್ ಬೇಕು, ಸಿಸಿ ಕ್ಯಾಮೆರಾ ಬೇಕು. ಅಂಥ ಸೆಂಟರ್‌ಗಳು ದೊಡ್ಡ ಊರುಗಳಲ್ಲೇ ಜಾಸ್ತಿ. ಬರೆಯುವವರಂತೂ ಜಾತ್ರೆಗಿಂತ ಹೆಚ್ಚು. 2019ರಲ್ಲಿ ಕರೆದ ರೈಲ್ವೆ ಎನ್‌ಟಿಪಿಸಿ (ಗುಮಾಸ್ತ, ಸ್ಟೇಷನ್ ಮಾಸ್ಟರ್ ಥರದ) ಹುದ್ದೆಗಳು ಸುಮಾರು 35 ಸಾವಿರ, ಅರ್ಜಿ ಹಾಕಿದವರು ಒಂದೂಕಾಲು ಕೋಟಿ. ಮೊದಲ ಹಂತ ಮುಗಿಸೋಕೇ 2020ರ ಡಿಸೆಂಬರ್‌ನಿಂದ 2021ರ ಜುಲೈ ತನಕ ಹಿಡಿಯಿತು. ಇನ್ನೊಂದು ಕಾರಣ ಕಳ್ಳಾಟ. ಊರಿನ ಹುಡುಗನಿಗೆ ಊರಿನ ಸೆಂಟರೇ ಸಿಕ್ಕರೆ ಒಳಗಿನವರ ಜೊತೆ ಕೈ ಮಿಲಾಯಿಸುವುದು ಸುಲಭ ಅನ್ನುವ ಭಯ. ಭಯ ಸುಳ್ಳೂ ಅಲ್ಲ. ನಮ್ಮ ರಾಜ್ಯಕ್ಕೆ ಅದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

545 ಪಿಎಸ್‌ಐ ಹುದ್ದೆಗಳ ಕಥೆ ನೆನಪಿದೆಯಲ್ಲ? 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು, ಅಕ್ರಮ ಹೊರಬಿತ್ತು, ಜನ ಜೈಲಿಗೆ ಹೋದರು, ಕೋರ್ಟ್ ಮರುಪರೀಕ್ಷೆಗೆ ಹೇಳಿತು. 2024ರ ಜನವರಿ 23ಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮರುಪರೀಕ್ಷೆ ನಡೆಸಿತು, ಅದೂ ಬೆಂಗಳೂರಿನಲ್ಲಿ. ಭದ್ರತೆಗೆ ಅದು ಸರಿ ಇರಬಹುದು. ಆದರೆ ಬೀದರ್, ಕಲಬುರಗಿ, ವಿಜಯಪುರದಲ್ಲಿ ಪ್ರಾಮಾಣಿಕವಾಗಿ ಓದಿದವರು ಮಾಡಿದ ತಪ್ಪೇನು? ಕದ್ದವರು ಯಾರೋ, ರಾತ್ರಿಯಿಡೀ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡವರು ಇನ್ಯಾರೋ. ಮಂಗಳವಾರ ಬೇರೆ. ಖಾಸಗಿ ಕಂಪನಿಯಲ್ಲಿ ಇದ್ದವರು ರಜೆ ಹಾಕಬೇಕು, ಸಂಬಳ ಕಟ್.

ಆಮೇಲೆ 402 ಪಿಎಸ್‌ಐ ಪರೀಕ್ಷೆ. 2024ರ ಸೆಪ್ಟೆಂಬರ್ 22 ಅಂದರು. ಅದೇ ದಿನ ಯುಪಿಎಸ್‌ಸಿ ಮೇನ್ಸ್ ಇತ್ತು. 28 ಅಂದರು. ಕೊನೆಗೆ ಅಕ್ಟೋಬರ್ 3ಕ್ಕೆ ನಡೆಯಿತು. ದಿನ ಬದಲಿಸಿದ್ದು ಒಳ್ಳೆಯದಕ್ಕೇ, ಎರಡೂ ಪರೀಕ್ಷೆ ಬರೆಯುವವರು ಕೇಳಿದ್ದೂ ಅದನ್ನೇ. ಆದರೆ ಪ್ರತಿ ಸಲ ತಾರೀಖು ಸರಿದಾಗಲೂ ಯಾರದೋ ಟಿಕೆಟ್ ಕ್ಯಾನ್ಸಲ್ ಆಗುತ್ತದೆ. ಆ ಕ್ಯಾನ್ಸಲೇಶನ್ ದುಡ್ಡು ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ. ಕೆಎಎಸ್ ಪ್ರಿಲಿಮ್ಸ್ ಬರೆದವರದ್ದೂ ಇದೇ ಪಾಡು. 2024ರ ಆಗಸ್ಟ್ 27, ಅದೂ ಮಂಗಳವಾರ, ಒಂದು ಸಲ ಬರೆದರು. ಅದೇ ಪರೀಕ್ಷೆಯನ್ನು ಡಿಸೆಂಬರ್ 29ಕ್ಕೆ ಮತ್ತೊಮ್ಮೆ ಬರೆದರು.

ನಾನು ತಂಗಿಯ ಜೊತೆ ಲಿಂಗಸುಗೂರಿನಿಂದ ಬೆಂಗಳೂರಿಗೆ ಹೋಗಿದ್ದೆ. ಯಾವ ಪರೀಕ್ಷೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಹೆಂಗಸರ ಶೌಚಾಲಯದ ಮುಂದೆ ಉದ್ದ ಸಾಲು, ಮುಕ್ಕಾಲು ಪಾಲು ಪರೀಕ್ಷೆಗೆ ಬಂದ ಹುಡುಗಿಯರೇ. ಕೈಯಲ್ಲಿ ಬ್ರಷ್ಷು, ಕಂಕುಳಲ್ಲಿ ಜಿರಾಕ್ಸ್ ನೋಟ್ಸು. ಒಬ್ಬಳು ಸಾಲಿನಲ್ಲಿ ನಿಂತುಕೊಂಡೇ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಹಾಕುತ್ತಿದ್ದಳು. ಅಲ್ಲಿಂದ ಸಿಟಿ ಬಸ್ಸು, ಆಮೇಲೆ ಆಟೋ. ಹಾಲ್ ಟಿಕೆಟ್‌ನಲ್ಲಿದ್ದ ಸಂಸ್ಥೆಯ ಹೆಸರಿನಲ್ಲಿ ಆ ರಸ್ತೆಯಲ್ಲೇ ಎರಡು ಕಟ್ಟಡ. ಒಂದು ಗೇಟಿನವರು ಇನ್ನೊಂದಕ್ಕೆ ಹೋಗಿ ಅಂದರು.

ಸರಿಯಾದ ಗೇಟ್ ಸಿಕ್ಕ ಮೇಲೆ ಶುರುವಾಗಿದ್ದು ಬ್ಯಾಗಿನ ಗೋಳು. ಒಳಗೆ ಬ್ಯಾಗ್ ಬಿಡುವುದಿಲ್ಲ, ಮೊಬೈಲ್ ಬಿಡುವುದಿಲ್ಲ, ವಾಚ್ ಬಿಡುವುದಿಲ್ಲ. ಸರಿ, ಎಲ್ಲಿ ಇಡಬೇಕು? ಅದಕ್ಕೆ ಗೇಟಿನವರ ಹತ್ತಿರ ಉತ್ತರ ಇಲ್ಲ. ಎದುರಿನ ಬೀಡಾ ಅಂಗಡಿಯವನ ಹತ್ತಿರ ಇತ್ತು. ಬ್ಯಾಗಿಗೆ 50, ಮೊಬೈಲಿಗೆ 20. ಹಳೇ ಕ್ಯಾಲೆಂಡರ್ ಹಾಳೆ ಹರಿದು ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದು, ಅರ್ಧ ಬ್ಯಾಗಿನ ಜಿಪ್ಪಿಗೆ ಸಿಕ್ಕಿಸಿ ಅರ್ಧ ಕೈಗೆ ಕೊಡುತ್ತಿದ್ದ. ಅಂಗಡಿಯ ಹಿಂದೆ ಬ್ಯಾಗುಗಳ ರಾಶಿ. ನಾನಿದ್ದೆ, ಹಾಗಾಗಿ ತಂಗಿಯ ಬ್ಯಾಗ್ ನನ್ನ ಹೆಗಲಿಗೆ ಬಂತು. ಒಬ್ಬರೇ ಬಂದವರು ಸರ್ಟಿಫಿಕೇಟು, ದುಡ್ಡು ಎಲ್ಲಾ ಅಲ್ಲೇ ಬಿಟ್ಟು ಒಳಗೆ ಹೋದರು. ಅಂಗಡಿಯವನನ್ನು ಬೈಯುವುದಿಲ್ಲ ನಾನು. ಪರೀಕ್ಷೆ ನಡೆಸುವವರು ಮಾಡಬೇಕಿದ್ದ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದವನು ಅವನೊಬ್ಬನೇ.

ಗೇಟಿನಲ್ಲಿ ತುಂಬು ತೋಳಿನ ಚೂಡಿದಾರ್ ಹಾಕಿದ್ದ ಇಬ್ಬರನ್ನು ನಿಲ್ಲಿಸಿದ್ದರು. ಎಲ್ಲಿಂದಲೋ ಕತ್ತರಿ ತಂದು ತೋಳು ಕತ್ತರಿಸಿಕೊಂಡು ಒಳಗೆ ಓಡಿದರು. ತಂಗಿ ಒಳಗೆ ಹೋಗುವ ಮೊದಲು ಹೇಳಿದ್ದು ಒಂದೇ ಮಾತು, "ಅಣ್ಣಾ, ಕಣ್ಣು ಎಳಿಯಾಕತ್ತಾವ."

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಶಕ್ತಿ ಯೋಜನೆ ನಿಜಕ್ಕೂ ದೊಡ್ಡ ಉಪಕಾರ ಮಾಡಿದೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. ಆದರೆ ಈ ಸೌಲಭ್ಯ ರಾಜಹಂಸಕ್ಕೆ ಇಲ್ಲ, ಸ್ಲೀಪರ್‌ಗೆ ಇಲ್ಲ. ಅಂದರೆ ಫ್ರೀ ಬೇಕಾದರೆ ಕೆಂಪು ಬಸ್ಸಿನಲ್ಲಿ ರಾತ್ರಿಯಿಡೀ ಕೂತೇ ಹೋಗಬೇಕು. ಸೆಂಟರ್ ಗಡಿ ದಾಟಿದರೆ ಯೋಜನೆಯೂ ಗಡಿಯಲ್ಲೇ ಇಳಿದುಬಿಡುತ್ತದೆ. ಜೊತೆಗೆ ಬರುವ ಅಪ್ಪನಿಗೋ ಅಣ್ಣನಿಗೋ ಪೂರ್ತಿ ಟಿಕೆಟ್. ದಿನಗೂಲಿಯ ಅಪ್ಪನಾದರೆ ಎರಡು ದಿನದ ಕೂಲಿಯೂ ಹೋಯಿತು. ಎಷ್ಟೋ ಮನೆಗಳಲ್ಲಿ ದೂರದ ಸೆಂಟರ್ ಬಿದ್ದ ಕೂಡಲೇ "ಬಿಡವ್ವ, ಮುಂದಿನ ಸಲ ಬರಿ" ಅನ್ನುತ್ತಾರೆ. ಪರೀಕ್ಷೆಯ ದಿನ ಅವಳ ಹೆಸರಿನ ಮುಂದೆ ಗೈರುಹಾಜರು ಅಂತ ಬೀಳುತ್ತದೆ. ಮರುದಿನ ಪೇಪರ್‌ನಲ್ಲಿ ಇಷ್ಟು ಸಾವಿರ ಜನ ಗೈರು ಅಂತ ಓದಿದವರು "ಈಗಿನವರಿಗೆ ಸೀರಿಯಸ್‌ನೆಸ್ ಇಲ್ಲ" ಅಂತಾರೆ. ಗೈರಾದವರಲ್ಲಿ ಎಷ್ಟು ಜನ ಓದದೆ ಗೈರಾದರು, ಎಷ್ಟು ಜನ ಬರಲಾಗದೆ ಗೈರಾದರು ಅಂತ ಯಾರಾದರೂ ಒಂದು ಸಲ ಎಣಿಸಬೇಕು.

"ನಮ್ಮ ಕಾಲದಲ್ಲೂ ಕಷ್ಟ ಇತ್ತು, ಕಷ್ಟಪಟ್ಟರೇ ಕೆಲಸ" ಅನ್ನುವ ಹಿರಿಯರು ನನ್ನ ಫ್ರೆಂಡ್ ಲಿಸ್ಟ್‌ನಲ್ಲೂ ಇದ್ದಾರೆ. ಸರ್, ಕಷ್ಟಪಡಲಿ. ಓದೋದರಲ್ಲಿ ಕಷ್ಟಪಡಲಿ. ಬಸ್‌ಸ್ಟ್ಯಾಂಡ್‌ನ ಕಲ್ಲುಬೆಂಚಿನ ಮೇಲೆ ರಾತ್ರಿ ಕಳೆದರೆ ಯಾವ ಜ್ಞಾನ ಬರುತ್ತದೆ?

ಮಾಡೋಕೆ ಆಗದ ಕೆಲಸವಂತೂ ಅಲ್ಲ. 2024ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಅಲ್ಲಿನ ಸರ್ಕಾರಿ ಬಸ್ಸುಗಳಲ್ಲಿ ಅಭ್ಯರ್ಥಿಗಳಿಗೆ ಫ್ರೀ ಮಾಡಿದ್ದರು. ಅರ್ಜಿ ಹಾಕಿದ್ದವರು 48 ಲಕ್ಷ! 2025ರ ಜುಲೈನಲ್ಲಿ ಹರಿಯಾಣದಲ್ಲಿ ಸರ್ಕಾರಿ ಕೆಲಸಕ್ಕೆ ನಡೆಸುವ ಸಿಇಟಿಗೂ ಬಸ್ ಫ್ರೀ ಇತ್ತು. ನಮ್ಮ ಸಾರಿಗೆ ನಿಗಮಗಳೂ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹಾಲ್ ಟಿಕೆಟ್ ತೋರಿಸಿದರೆ ಸಾಕು ಅಂತ ಮಾಡಿದ್ದಿದೆ. ರೈಲ್ವೆ ಪರೀಕ್ಷೆಗೆ ಹೋಗುವ ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಸ್ಲೀಪರ್ ಪಾಸ್ ಮೊದಲಿಂದಲೂ ಇದೆ. ಪಾಸ್ ಇದ್ದರೂ ಬರ್ತ್ ಸಿಗಬೇಕಲ್ಲ, ಅದು ಬೇರೆ ಮಾತು.

ಕೇಂದ್ರ ಸರ್ಕಾರ ಇದನ್ನೆಲ್ಲ ಯೋಚಿಸಿಲ್ಲ ಅಂತಲೂ ಅಲ್ಲ. 2020ರ ಆಗಸ್ಟ್ 19ರಂದು ಸಂಪುಟ ರಾಷ್ಟ್ರೀಯ ನೇಮಕಾತಿ ಸಂಸ್ಥೆಗೆ ಒಪ್ಪಿಗೆ ಕೊಟ್ಟಿತು. 1,517.57 ಕೋಟಿ ರೂಪಾಯಿ, ಬೇರೆ ಬೇರೆ ಹುದ್ದೆಗಳಿಗೆ ಒಂದೇ ಪ್ರಾಥಮಿಕ ಪರೀಕ್ಷೆ, ಪ್ರತಿ ಜಿಲ್ಲೆಯಲ್ಲೂ ಸೆಂಟರ್. ಬಡವರು, ಹೆಣ್ಣುಮಕ್ಕಳು ದೂರ ಹೋಗುವುದು ತಪ್ಪುತ್ತದೆ ಅಂತ ಅವರೇ ಹೇಳಿದ್ದರು. ಐದು ವರ್ಷ ಕಳೆದರೂ ಆ ಒಂದೇ ಪರೀಕ್ಷೆ ಬರಲಿಲ್ಲ. ಬಂದದ್ದು 2025ರ ಜುಲೈ ಕೊನೆಯಲ್ಲಿ ಎಸ್‌ಎಸ್‌ಸಿ ಅಭ್ಯರ್ಥಿಗಳು ದೂರದ ಸೆಂಟರ್, ಕೊನೇ ಗಳಿಗೆಯ ರದ್ದತಿ ಅಂತ ದೆಹಲಿಯಲ್ಲಿ ಬೀದಿಗಿಳಿದ ಸುದ್ದಿ.

ಜಿಲ್ಲೆಗೊಂದು ಸೆಂಟರ್ ಆಗೋವರೆಗೆ ಕಾಯಬೇಕಿಲ್ಲ. ನನ್ನ ಬೇಡಿಕೆ ಇಷ್ಟೇ. ಊರು ಬೇಗ ಹೇಳಿ, ಕಟ್ಟಡ ಆಮೇಲೆ ಹೇಳಿ. ಹುಬ್ಬಳ್ಳಿ ಅಂತ ಎರಡು ತಿಂಗಳು ಮೊದಲೇ ಗೊತ್ತಾದರೆ ಟಿಕೆಟ್ ಬುಕ್ ಆಗುತ್ತದೆ. ಯಾವ ಕಾಲೇಜು ಅನ್ನುವುದು ಕೊನೆಯ ನಾಲ್ಕು ದಿನದ ತನಕ ಗುಟ್ಟಾಗೇ ಇರಲಿ, ಕಳ್ಳರಿಗೆ ಅದೇ ತಾನೇ ಬೇಕಿರೋದು. ರಾಜ್ಯದ ಪರೀಕ್ಷೆಗಳಿಗೆ ಹಾಲ್ ಟಿಕೆಟ್ಟೇ ಬಸ್ ಟಿಕೆಟ್ ಆಗಲಿ, ಗಂಡು ಹೆಣ್ಣು ಅನ್ನದೆ. ಇನ್ನು ಸೆಂಟರ್ ಆದ ಕಾಲೇಜಿನಲ್ಲಿ ಆ ದಿನ ಪಾಠ ಇರುವುದಿಲ್ಲ, ಕೋಣೆಗಳು ಖಾಲಿ ಬಿದ್ದಿರುತ್ತವೆ. ಒಂದು ಕೋಣೆಯನ್ನು ಬೆಳಗ್ಗೆ ಆರಕ್ಕೇ ತೆರೆದು, ಒಬ್ಬ ಹೋಮ್‌ಗಾರ್ಡ್ ಕೂರಿಸಿ, ಬ್ಯಾಗಿಗೆ ಟೋಕನ್ ಕೊಡಿ. ಶೌಚಾಲಯದ ಬೀಗವನ್ನೂ ಅದೇ ಹೊತ್ತಿಗೆ ತೆಗೆಯಿರಿ. ಇದಕ್ಕೆ ಸಂಪುಟದ ಒಪ್ಪಿಗೆ ಏನೂ ಬೇಡ, ಪ್ರಿನ್ಸಿಪಾಲರಿಗೆ ಒಂದು ಸುತ್ತೋಲೆ ಹೋದರೆ ಆಯಿತು.